ನರ್ಸರಿ ಅಕ್ಕನ ಇಂಟ್ರೋ

ಕಳೆದ ವಾರ ಸುಳ್ಯದಿಂದ ಪುತ್ತೂರಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಕಾಲ ಬುಡದಲ್ಲಿ ಒಂದು ಜಾಯಿಕಾಯಿ ಗಿಡ ಇಟ್ಟುಕೊಂಡಿದ್ದರು. ಕಪ್ಪು ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಆಗಷ್ಟೇ ನೀರು ಕುಡಿದ ಕೆಂಪು ಮಣ್ಣು. ಜಾಲ್ಸೂರು ದಾಟಿದ ಮೇಲೆ ಬಸ್ಸು ಒಂದು ಹೊಂಡಕ್ಕೆ ಬಿದ್ದು ಎದ್ದಾಗ ತೊಟ್ಟೆಯ ಮಣ್ಣು ಅಲುಗಿ ಬೇವಿನ ಹಿಂಡಿಯೂ ಹಟ್ಟಿಗೊಬ್ಬರವೂ ಬೆರೆತ ವಾಸನೆ ಮೇಲೆದ್ದಿತು. ದಿನವಿಡೀ ಪರದೆ ನೋಡಿ ಉರಿಯುತ್ತಿದ್ದ ಕಣ್ಣು ಮುಚ್ಚಿ ಕುಳಿತಿದ್ದೆ. ಮುಚ್ಚಿದ ಕಣ್ಣೊಳಗೆ ನರ್ಸರಿ ಅಕ್ಕ ಬಂದರು...

ಅವರನ್ನು ಮೊದಲು ಕಂಡಾಗ ನಾನು ಪುತ್ತೂರಿನ ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ವೆಬ್‌ಸೈಟ್ ಮಾಡಿಸುವವರಿಗೆಲ್ಲ ಇಂಟ್ರೋ ಬೇಕಿದ್ದ ಕಾಲ ಅದು. ಸೈಟು ತೆರೆದ ಕೂಡಲೇ ನಾಲ್ಕಾರು ಚಿತ್ರಗಳು ಒಂದರ ಹಿಂದೊಂದು ಜಾರಿ ಬಂದು, ಹೆಸರು ಮಿನುಗಿ, ಆಮೇಲೆ ಒಳಪುಟ ತೆರೆಯಬೇಕು. ಅದಕ್ಕೆಂದೇ ಒಂದು ಸಾಫ್ಟ್‌ವೇರ್ ಇತ್ತು. ವಿನ್ಯಾಸಗಳೆಲ್ಲ ಸಿದ್ಧ, ಹೆಸರು ಟೈಪು ಮಾಡಿ ಸಂಗೀತ ಆರಿಸಿದರೆ ಮುಗಿಯಿತು. ನಮ್ಮದೇ ಚಿತ್ರಗಳನ್ನು ಹಾಕಲು ಅದರಲ್ಲಿ ಜಾಗವಿತ್ತಾದರೂ ಸೆಂಟರಿನ ಯಜಮಾನರಿಗೆ ಅದು ಇಷ್ಟವಿರಲಿಲ್ಲ. ಗಿರಾಕಿಗಳು ತರುವ ಫೋಟೋಗಳು ಕಪ್ಪಾಗಿರುತ್ತವೆ, ಅಳತೆಗೆ ಕೂರಿಸುವುದರಲ್ಲಿ ಅರ್ಧ ದಿನ ಹೋಗುತ್ತದೆ ಎನ್ನುತ್ತಿದ್ದರು. ಹಾಗಾಗಿ ಬಂಗಾರದ ಅಂಗಡಿ, ಲಾಡ್ಜು, ಡ್ರೈವಿಂಗ್ ಸ್ಕೂಲು ಎಲ್ಲದರ ಬಾಗಿಲಲ್ಲೂ ಅದೇ ಹಿಮದ ಬೆಟ್ಟ, ಕೈಕುಲುಕುವ ಅದೇ ಇಬ್ಬರು ವಿದೇಶಿಯರು.

ಅಲ್ಲಿಗೆ ಒಂದು ಮಧ್ಯಾಹ್ನ ಅಕ್ಕ ಬಂದರು. ಐವತ್ತರ ಆಸುಪಾಸಿನ ಹೆಂಗಸು, ಕಂಕುಳಲ್ಲಿ ಕೊಡೆ, ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಮಣ್ಣು. ಸಂಪಾಜೆಯಲ್ಲಿ ರಸ್ತೆ ಬದಿಯಲ್ಲೇ ಅವರ ಗಿಡಗಳ ನರ್ಸರಿ. ಮಡಿಕೇರಿಗೆ ಹೋಗುವವರು ಕಾರು ನಿಲ್ಲಿಸಿ ಗಿಡ ನೋಡಿ, ವೆಬ್‌ಸೈಟ್ ಇದೆಯಾ ಎಂದು ಕೇಳುತ್ತಿದ್ದರಂತೆ. ನಾನು ತೋಟಗಾರಿಕೆಯ ವಿನ್ಯಾಸವೊಂದನ್ನು ಓಡಿಸಿ ತೋರಿಸಿದೆ. ಸಾಲುಸಾಲು ಟ್ಯುಲಿಪ್ ಹೂಗಳು, ಬಿಳಿ ಕೈಗವಸು ತೊಟ್ಟ ಕೈಗಳು, ಪಿಯಾನೋ. ಅವರು ಕೊನೆಯವರೆಗೂ ನೋಡಿ, ಇನ್ನೊಮ್ಮೆ ತೋರಿಸಲು ಹೇಳಿ, ಮತ್ತೆಯೂ ಪೂರ್ತಿ ನೋಡಿದರು.

"ಈ ಹೂ ನನ್ನಲ್ಲಿ ಇಲ್ಲ," ಎಂದರು. "ಇಲ್ಲದ್ದನ್ನು ತೋರಿಸಿ ಕರೆದರೆ, ಬಂದವರಿಗೆ ನಾನು ಎಂತ ಹೇಳುದು?"

ಇದು ಬರೀ ಅಲಂಕಾರಕ್ಕೆ, ಯಾರೂ ಹಾಗೆ ಕೇಳುವುದಿಲ್ಲ ಎಂದು ಯಜಮಾನರು ಸಮಾಧಾನ ಹೇಳಿದರು. ಅಕ್ಕ ತಲೆಯಾಡಿಸಿ ಕೇಳಿಸಿಕೊಂಡರು. ಎದ್ದು ಮಾತ್ರ ಹೋಗಲಿಲ್ಲ. ಕೊನೆಗೆ ಯಜಮಾನರೇ ಸೋತು, ಅಂಗಡಿಯ ಕ್ಯಾಮರಾ ಹಿಡಿದು ಸಂಪಾಜೆಗೆ ಹೋಗಿ ಬಾ ಎಂದು ನನಗೆ ಹೇಳಿ ಒಳಗೆ ಹೋದರು.

ಮುಂದಿನ ಭಾನುವಾರ ಹೋದೆ. ಘಾಟಿ ಹತ್ತಲು ಗೇರ್ ಬದಲಿಸುವ ಲಾರಿಗಳ ಸದ್ದಿನ ಪಕ್ಕದಲ್ಲೇ ಹಸಿರು ನೆಟ್ಟಿನ ಚಪ್ಪರ. ಅದರಡಿ ಕಾಳುಮೆಣಸು, ಜಾಯಿಕಾಯಿ, ಕಸಿ ಹಲಸು. ಸಾಲುಗಳ ನಡುವೆ ಒಂದು ಕುರ್ಚಿ, ಕುರ್ಚಿಯಲ್ಲಿ ಅವರ ಗಂಡ. ಎಡಗೈಯಲ್ಲಿ ಪೈಪು ಹಿಡಿದು, ಕೂತಲ್ಲಿಂದ ಎಟಕುವಷ್ಟು ಗಿಡಗಳಿಗೆ ನೀರು ಬಿಡುತ್ತಿದ್ದರು. ಅಷ್ಟೂ ಗಿಡಗಳು ನೆನೆದ ಮೇಲೆ ಅಕ್ಕ ಬಂದು, ಅವರನ್ನು ಎಬ್ಬಿಸಿ ನಿಲ್ಲಿಸಿ, ಕುರ್ಚಿಯನ್ನು ಮುಂದಿನ ಸಾಲಿಗೆ ಸರಿಸಿ ಕೂರಿಸುತ್ತಿದ್ದರು. ಬೆಳಗಿನ ನೀರು ಹೀಗೆಯೇ ಮುಗಿಯುವುದು.

ಗಂಡ ಲಾರಿ ಓಡಿಸುತ್ತಿದ್ದವರು. ಶಿರಾಡಿ ಘಾಟಿ ಇಳಿದು ಗುಂಡ್ಯ ಮುಟ್ಟುವ ಹೊತ್ತಿಗೆ ಸ್ಟೇರಿಂಗ್ ಹಿಡಿದಂತೆಯೇ ಬಲಗೈ ಸತ್ತುಹೋಯಿತಂತೆ. ಹೇಗೋ ಲಾರಿಯನ್ನು ಬದಿಗೆ ತಂದು ನಿಲ್ಲಿಸಿದ್ದರು; ಇಳಿಯಲು ಆಗಲಿಲ್ಲ. ಪಾರ್ಶ್ವವಾಯು; ಅವರ ಮಾತೂ ಅಂದಿಗೇ ನಿಂತಿತು. ಅಕ್ಕ ನರ್ಸರಿ ಶುರು ಮಾಡಿದ್ದೇ ಅದಾದ ಮೇಲೆ. ಮನೆ ಬಿಟ್ಟು ಹೋಗಬಾರದು, ಕಣ್ಣೆದುರೇ ಅವರಿರಬೇಕು, ಅವರಿಗೂ ಒಂದು ಕೆಲಸ ಬೇಕು. ಅಂಥದ್ದು ಯಾವುದೆಂದು ಯೋಚಿಸಿ ಗಿಡಕ್ಕೆ ಕೈಹಾಕಿದ್ದರು.

ಕಸಿ ಕಟ್ಟುವ ಅಕ್ಕನ ಕೈಯ ಫೋಟೋ ತೆಗೆದೆ, ಗಿಡಗಳದ್ದೂ ತೆಗೆದೆ. ಪೈಪು ಹಿಡಿದ ಗಂಡನತ್ತ ಕ್ಯಾಮರಾ ತಿರುಗಿಸಿದಾಗ ಅಕ್ಕ ನಡುವೆ ಬಂದು, "ಇವರದ್ದು ಬೇಡ," ಎಂದರು. ಗಂಡ ಮುಖ ತಿರುಗಿಸಿದರು. ಕೈಯಿಂದ ಪೈಪು ಜಾರಿ ನೀರು ಅವರ ಕಾಲಮೇಲೆಯೇ ಹರಿಯಿತು. ಅಕ್ಕ ಅದನ್ನೆತ್ತಿ ಮತ್ತೆ ಕೈಗೆ ಕೊಟ್ಟರು.

ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಕಾರಣ ಹೇಳಿದರು. ಕಾಯಿಲೆಯಾದ ಹೊಸದರಲ್ಲಿ ಗುರುತಿನ ಲಾರಿಯವರು ನಿಲ್ಲಿಸಿ ಮಾತಾಡಿಸಲು ಬಂದರೆ ಗಂಡ ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರಂತೆ. ಬರುವವರು ಕ್ರಮೇಣ ಬರುವುದನ್ನೇ ಬಿಟ್ಟರಂತೆ. "ಅಷ್ಟು ನಾಚಿಕೆ ಉಂಟು ಅವರಿಗೆ. ನಾನೇ ಅವರನ್ನು ಊರಿಗೆಲ್ಲ ತೋರಿಸುದು ಹೇಗೆ, ಹೇಳು."

ಕೆಲವು ದಿನ ಕಳೆದು ಸೆಂಟರಿಗೆ ಅಕ್ಕನ ಫೋನ್ ಬಂತು. ಗಂಡ ಸರಿಯಾಗಿ ಊಟ ಮಾಡುತ್ತಿಲ್ಲ. ಕಪಾಟಿನತ್ತ ಕೈ ತೋರಿಸಿ ತೋರಿಸಿ ಹಳೆಯ ಖಾಕಿ ಅಂಗಿ ತೆಗೆಸಿದ್ದಾರೆ. ಅದನ್ನು ಹಾಕಿಕೊಂಡೇ ಕೂತಿದ್ದಾರೆ. "ಫೋಟೋಕ್ಕೆ ಅಂತ ಕಾಣ್ತದೆ ಮಾರಾಯ್ತಿ. ನನಗೇ ಗೊತ್ತಾಗ್ಲಿಲ್ಲ ನೋಡು," ಎನ್ನುವಾಗ ಅವರ ದನಿ ತಗ್ಗಿತ್ತು.

ಪಕ್ಕದ ಮನೆಯ ಕ್ಯಾಮರಾ ತಂದು ಆ ಫೋಟೋವನ್ನು ಅಕ್ಕನೇ ತೆಗೆದರು. ಸ್ವಲ್ಪ ವಾಲಿತ್ತು, ಒಂದು ಮೂಲೆಯಲ್ಲಿ ಬೆರಳಿನ ನೆರಳೂ ಬಿದ್ದಿತ್ತು. ಆದರೆ ಖಾಕಿ ತೊಟ್ಟ ಆ ಮನುಷ್ಯ ಪೈಪು ಹಿಡಿದು, ತೆಗೆಯುವವಳನ್ನೇ ನೇರವಾಗಿ ನೋಡುತ್ತಿದ್ದರು. ನಾನು ತೆಗೆದ ಯಾವುದರಲ್ಲೂ ಅಂಥ ನೋಟ ಇರಲಿಲ್ಲ. ಸಾಫ್ಟ್‌ವೇರಿನ ಚೌಕಟ್ಟು ಅಡ್ಡ ಚಿತ್ರಗಳಿಗೆಂದು ಮಾಡಿದ್ದು, ಇದು ಉದ್ದದ ಫೋಟೋ. ಹಾಕಿದಾಗೆಲ್ಲ ತಲೆ ಕತ್ತರಿಸಿಹೋಗುತ್ತಿತ್ತು. ಎರಡೂ ಬದಿಗೆ ಚಪ್ಪರದ ಹಸಿರನ್ನೇ ಜೋಡಿಸಿ, ಅಗಲಮಾಡಿ, ಅಂತೂ ಕೂರಿಸಿದೆ. ಮೊದಲು ಅವರು, ಆಮೇಲೆ ಗಿಡಗಳು, ಕಸಿ ಕಟ್ಟುವ ಕೈ, ಕೊನೆಗೆ ನರ್ಸರಿಯ ಹೆಸರು.

ಗಂಡನನ್ನು ಪುತ್ತೂರಿನ ಡಾಕ್ಟರರಲ್ಲಿಗೆ ಕರೆತಂದ ದಿನ ಅಕ್ಕ ಅವರನ್ನು ಸೆಂಟರಿಗೂ ಕರೆತಂದರು. ಆಟೋದವರಿಬ್ಬರು ಕುರ್ಚಿ ಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ಓಡಿಸಿದೆ. ಪರದೆಯ ಎಡಬದಿಯಿಂದ ಅವರ ಚಿತ್ರ ನಿಧಾನ ಸರಿಯುತ್ತ ನಡುವಿಗೆ ಬಂದು ನಿಂತಿತು, ತಾವಾಗಿಯೇ ನಡೆದು ಬಂದ ಹಾಗೆ. ಅವರ ಗಂಟಲಿನಿಂದ ಒಂದು ಒರಟು ಸದ್ದು ಹೊರಟಿತು. ನಾನು ಗಾಬರಿಯಾಗಿ ಎದ್ದೆ.

"ಏನಿಲ್ಲ," ಎಂದರು ಅಕ್ಕ. "ನಗುದು ಅವರು."

ಮತ್ತೆ ಓಡಿಸಿದೆ. ಮತ್ತೆಯೂ... ಯಜಮಾನರು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ನೋಡಿದರು. ಆ ದಿನ ಬೇರೆ ಕೆಲಸ ಹೇಳಲಿಲ್ಲ.

ಆ ಸೈಟು ನೋಡಿ ಗಿಡ ಕೊಂಡವರು ಎಷ್ಟು ಮಂದಿಯೋ ತಿಳಿಯದು. ಆದರೆ ಒಂದು ದಿನ ಗಲ್ಫಿನಿಂದ ಅಕ್ಕನಿಗೆ ಫೋನ್ ಬಂತಂತೆ. ಲಾರಿಯಲ್ಲಿ ಗಂಡನ ಜೊತೆಗೇ ಓಡಾಡುತ್ತಿದ್ದ ಕಡಬದ ಗೆಳೆಯ. ಇವರಿಗೆ ಕಾಯಿಲೆಯಾಗುವ ಮೊದಲೇ ಊರು ಬಿಟ್ಟಿದ್ದ ಅವರಿಗೆ, ಗುಂಡ್ಯದಲ್ಲಿ ಲಾರಿಯೊಳಗೇ ಇವರು ತೀರಿಹೋದರೆಂದು ಯಾರೋ ಹೇಳಿದ್ದರಂತೆ. ಊರಿನ ಜಾಗಕ್ಕೆ ಮೆಣಸಿನ ಬಳ್ಳಿ ಹುಡುಕುತ್ತ ಸೈಟು ತೆರೆದರೆ, ಸತ್ತುಹೋದ ಗೆಳೆಯ ಖಾಕಿ ತೊಟ್ಟು ನೀರು ಬಿಡುತ್ತಿದ್ದಾನೆ. ಫೋನಿನಲ್ಲಿ ಮಾತು ಹೊರಡದೆ ಬರೀ ಅತ್ತರಂತೆ. ರಜೆಯಲ್ಲಿ ಊರಿಗೆ ಬಂದವರು ನೇರ ಸಂಪಾಜೆಗೇ ಹೋದರು. ಆಮೇಲಿನ ಪ್ರತಿ ರಜೆಯಲ್ಲೂ ಒಂದಷ್ಟು ದಿನ ಅಲ್ಲಿ ಉಳಿದು, ಕುರ್ಚಿ ಸರಿಸುವ ಕೆಲಸವನ್ನು ಅಕ್ಕನ ಕೈಯಿಂದ ತಾವು ತೆಗೆದುಕೊಳ್ಳುತ್ತಿದ್ದರು. ಗೆಳೆಯ ಬಂದುಹೋಗಲು ತೊಡಗಿದ ಮೇಲೆ ಗಂಡ ಯಾರನ್ನು ಕಂಡರೂ ಮುಖ ಮುಚ್ಚಿಕೊಳ್ಳಲಿಲ್ಲ ಎಂದು ಅಕ್ಕ ಹೇಳಿದ್ದರು.

ಅಕ್ಕನ ಗಂಡ ತೀರಿಕೊಂಡಾಗ ನಾನು ಹೋಗಿದ್ದೆ. ಹೊರಡುವಾಗ ಅಕ್ಕ ಗೇಟಿನವರೆಗೆ ಬಂದು, ಸೈಟಿನಿಂದ ಅದನ್ನು ತೆಗೆಯುವುದು ಬೇಡ ಎಂದಷ್ಟೇ ಹೇಳಿದರು. ಯಾವುದನ್ನು ಎಂದು ನಾನು ಕೇಳಲಿಲ್ಲ. ಆಮೇಲೆ ಹಳೆಯದೊಂದು ಕಂಪ್ಯೂಟರ್ ತಂದು ಮನೆಯಲ್ಲಿಟ್ಟುಕೊಂಡಿದ್ದರು. ಬೆಳಿಗ್ಗೆ ಅದನ್ನು ಹಚ್ಚಿ, ಚಿತ್ರ ಎಡದಿಂದ ಬಂದು ನಿಲ್ಲುವುದನ್ನು ನೋಡಿ, ಆಮೇಲೆ ಗಿಡಗಳ ನಡುವೆ ಇಳಿಯುತ್ತಿದ್ದರಂತೆ.

ಅಷ್ಟರಲ್ಲಿ ಕಾಲ ಬದಲಾಗಿ ಇಂಟ್ರೋಗಳನ್ನು ಯಾರೂ ಕೇಳದಾದರು. ಕೊನೆಗೆ ಬ್ರೌಸರುಗಳು ಆ ಬಗೆಯ ಕಡತಗಳನ್ನು ತೋರಿಸುವುದನ್ನೇ ನಿಲ್ಲಿಸಿದವು. ನಾನು ಸ್ವಂತ ಅಂಗಡಿ ಇಟ್ಟುಕೊಂಡಿದ್ದೆ. ಅಕ್ಕ ಅಲ್ಲಿಗೆ ಫೋನ್ ಮಾಡಿದರು.

"ಈಗ ತೆರೆದರೆ ಇವರು ಬರುದಿಲ್ಲ ಮಾರಾಯ್ತಿ. ಬೂದಿ ಬಣ್ಣದ ಒಂದು ಚೌಕ ಮಾತ್ರ ಉಂಟು."

ಯಾಕೆ ಹಾಗಾಯಿತೆಂದು ವಿವರಿಸಿದೆ. ಹೇಳುತ್ತ ಹೇಳುತ್ತ ನನಗೇ ಆಯಾಸವಾಯಿತು. ಅದೇ ಚಿತ್ರಗಳನ್ನು ಪುನಃ ಜೋಡಿಸಿ ಪುಟ್ಟ ವಿಡಿಯೋ ಮಾಡಿ ಅವರ ಮೊಬೈಲಿಗೆ ಕಳಿಸಿದೆ. ಚಂದ ಉಂಟು ಎಂದರು. ಕೊನೆಯವರೆಗೂ ನೋಡಿ, "ಆದರೆ ಇದು ಮುಗಿತದೆ ಅಲ್ವಾ," ಎಂದರು. ಹಳೆಯದು ಯಾರೂ ಮುಟ್ಟದಿದ್ದರೆ ತಾನಾಗಿಯೇ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೊಬೈಲಿನಲ್ಲಿ ಮತ್ತೆ ಮತ್ತೆ ಒತ್ತಬೇಕೆಂದು ಹೇಳಿಕೊಟ್ಟೆ. ಒತ್ತುತ್ತಿದ್ದರೋ ಏನೋ...

ಅಕ್ಕನ ಮೊಣಕಾಲು ಕೈಕೊಟ್ಟಿತು, ಗಿಡಗಳು ಒಂದೊಂದಾಗಿ ಕಡಿಮೆಯಾದವು. ನನ್ನ ಹೋಗಿಬರುವಿಕೆಯೂ ಕಡಿಮೆಯಾಯಿತು. ಈ ವರ್ಷ ಮಳೆ ಬಿಡುವ ಹೊತ್ತಿಗೆ ಅಕ್ಕ ತೀರಿಕೊಂಡರು. ಸುದ್ದಿ ತಿಳಿಸಿದ್ದು ಕಡಬದ ಆ ಗೆಳೆಯರೇ. ಅವರೀಗ ಊರಿಗೇ ಬಂದು ನೆಲೆಸಿದ್ದಾರೆ. ನರ್ಸರಿ ಇದ್ದಲ್ಲಿ ಈಗ ಪ್ರವಾಸಿಗರ ಕಾರು ನಿಲ್ಲಿಸುವ ಜಾಗವಿದೆಯಂತೆ.

ಮೊನ್ನೆ ಆ ಗೆಳೆಯರು ಮತ್ತೆ ಫೋನ್ ಮಾಡಿದರು. ಗಂಡ ಹೆಂಡತಿ ಒಟ್ಟಿಗೆ ಇರುವ ಒಂದು ಫೋಟೋ ಬೇಕಿತ್ತು, ಗೋಡೆಗೆ ಹಾಕಲು. ನನ್ನಲ್ಲಿರುವ ಅಷ್ಟನ್ನೂ ಹುಡುಕಿದೆ. ಗಂಡ ಇರುವ ಚಿತ್ರದಲ್ಲಿ ಅಕ್ಕ ಕ್ಯಾಮರಾದ ಹಿಂದೆ. ಅಕ್ಕನದೆಂದು ಇರುವುದು ಹೆಚ್ಚಾಗಿ ಕೈಗಳು. ಮುಖ ಕಾಣುವುದು ಒಂದೇ ಒಂದರಲ್ಲಿ, ಬಗ್ಗಿ ತೊಟ್ಟೆಗೆ ಮಣ್ಣು ತುಂಬುವಾಗ. ಇಬ್ಬರೂ ಒಟ್ಟಿಗೆ ಇರುವುದು ಒಂದೂ ಇಲ್ಲ. ಹಾಗೆಂದು ಹೇಳಿದೆ.

"ಈಗ ಕಂಪ್ಯೂಟರಿನಲ್ಲಿ ಜೋಡಿಸ್ಲಿಕ್ಕೆ ಆಗ್ತದೆ ಅಲ್ವಾ?" ಎಂದು ಕೇಳಿದರು.

ಆಗುತ್ತದೆ. ಈಗ ನನ್ನ ಅಂಗಡಿಗೆ ಬರುವವರು ಫೋಟೋ ತರುವುದೇ ಇಲ್ಲ. ಬೇಕಾದದ್ದನ್ನು ಬಾಯಲ್ಲಿ ಹೇಳುತ್ತಾರೆ, ಸಾಫ್ಟ್‌ವೇರ್ ಚಿತ್ರ ಮಾಡಿಕೊಡುತ್ತದೆ. ಎರಡೂ ಫೋಟೋಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೆರೆದೆ. ಖಾಕಿ ಅಂಗಿಯವರು ಎದುರಿಗೆ ನೋಡುತ್ತಿದ್ದರು. ಅಕ್ಕ ಮಣ್ಣು ನೋಡುತ್ತಿದ್ದರು. ಇಲ್ಲದ್ದನ್ನು ತೋರಿಸಿದರೆ ಎಂತ ಹೇಳುದು ಎಂದು ಅಕ್ಕ ಕೇಳಿದ್ದು ನೆನಪಾಯಿತು.

ಆಮೇಲೆ ಎರಡನ್ನೂ ಬೇರೆಬೇರೆಯಾಗಿಯೇ ಕಳಿಸಿದೆ.