ಜೀಪಿನ ಹೊಟ್ಟೆಗೊಂದು ತಗಡು

ಭದ್ರಾವತಿಯಲ್ಲಿ ಹುಟ್ಟಿ ಬೆಳೆದ ನನಗೆ ಕಬ್ಬಿಣದ ವಿಚಾರ ಏನೂ ಗೊತ್ತಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾದವನು. ನಾನು ಮಾತ್ರ ದನದ ಡಾಕ್ಟರಾದೆ. ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಆಯನೂರಿನ ಆಚೆಯ ಹಳ್ಳಿಗಳಿಗೆಲ್ಲ ಓಡಾಡುತ್ತೀನಿ. ಒಮ್ಮೆ ನನ್ನ ಸಣ್ಣ ಕಾರು ಕೆಸರಲ್ಲಿ ಹೂತುಹೋಗಿ, ಹಸು ಕರು ಹಾಕಲಾರದೆ ಒದ್ದಾಡುತ್ತಿದ್ದ ಮನೆಯವರೇ ಹಸುವನ್ನು ಬಿಟ್ಟು ಬಂದು ನನ್ನ ಕಾರು ತಳ್ಳಬೇಕಾಯಿತು. ಆ ನಾಚಿಕೆಗೆ ನಾಲ್ಕೂ ಚಕ್ರ ಎಳೆಯುವ ಹಳೇ ಜೀಪೊಂದನ್ನು ಕೊಂಡೆ.

ಜೀಪು ಬಂದ ಹೊಸದರಲ್ಲಿ ಅಪ್ಪನೂ ಒಂದು ದಿನ ಜೊತೆಗೆ ಬಂದಿದ್ದ. ಆಯನೂರು ದಾಟಿ ಮಣ್ಣುದಾರಿಗೆ ಇಳಿದಿದ್ದೆವಷ್ಟೆ, ಕೆಳಗೆ ಕಲ್ಲು ತಾಗಿ ಧಡ್ ಅಂತ ಸದ್ದಾಯಿತು. ನಿಲ್ಲಿಸಿ ಬಗ್ಗಿ ನೋಡಿದರೆ ತೊಟ್ಟು ತೊಟ್ಟಾಗಿ ಏನೋ ಸುರಿಯುತ್ತಿದೆ.

“ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಒಡೀತು!” ಅಂದ ಅಪ್ಪ. ಬೆರಳಿಗೆ ತಾಗಿಸಿಕೊಂಡು ಮೂಸಿ, “ಎಣ್ಣೆ ಅಲ್ಲ ಕಣಮ್ಮ, ನೀರು” ಅಂತ ಇನ್ನೂ ಗಾಬರಿಯಾದ. ರೇಡಿಯೇಟರ್ ಹೋಯಿತೆಂದು ನಾನು ಶಿವಮೊಗ್ಗದ ಗ್ಯಾರೇಜಿಗೆ ಫೋನ್ ಮಾಡಿದೆ.

“ಎಸಿ ಹಾಕಿದ್ರಾ ಮೇಡಂ?” ಅಂತ ಮೆಕ್ಯಾನಿಕ್ ಕೇಳಿದ.

“ಹೂಂ.”

“ಹಂಗಾದ್ರೆ ಅದು ಎಸಿ ನೀರು. ಆರಾಮಾಗಿ ಬನ್ನಿ.”

ನಗು ಬಂತು. ಆದರೆ ಅಪ್ಪ ನಗಲಿಲ್ಲ. “ಇವತ್ತು ನೀರು, ನಾಳೆ ಎಣ್ಣೆ ಆದ್ರೆ? ಇಂಜಿನ್ನೇ ಹೋಗುತ್ತೆ. ಹೊಟ್ಟೆಗೊಂದು ತಗಡು ಹಾಕಿಸು” ಅಂದ.

ಗ್ಯಾರೇಜಿನಲ್ಲಿ ಅದನ್ನೇ ಕೇಳಿದೆ. “ಸ್ಕಿಡ್ ಪ್ಲೇಟಾ? ಹಾಕಿಸಿದ್ರೆ ಒಳ್ಳೇದೇ” ಅಂದ ಮೆಕ್ಯಾನಿಕ್. ನಾನು ತಲೆಯಾಡಿಸುವಷ್ಟರಲ್ಲಿ, “ಹಾಕಿಸದಿದ್ರೂ ಏನೂ ಆಗಲ್ಲ” ಅಂತಲೂ ಸೇರಿಸಿದ. ಆಯಿಲ್ ಬದಲಾಯಿಸುವಾಗಲೆಲ್ಲ ಬಿಚ್ಚಬೇಕಂತೆ, ಒಳಗೆ ಕೆಸರು ತುಂಬಿಕೊಳ್ಳುತ್ತದಂತೆ. ನನ್ನ ಗಂಡನಿಗೆ ತೂಕದ ಚಿಂತೆ: “ಮೊದಲೇ ಡೀಸೆಲ್ ಕುಡಿಯೋ ಗಾಡಿ, ಮಾರಾಯ್ತಿ!” ಯೂಟ್ಯೂಬಿನಲ್ಲಿ ಒಬ್ಬ ತಗಡಿಲ್ಲದೆ ಕೆಟ್ಟೆ ಅಂದರೆ, ಇನ್ನೊಬ್ಬ ತಗಡು ಹಾಕಿಸಿ ಕೆಟ್ಟೆ ಅನ್ನುತ್ತಿದ್ದ. ಹಸುವಿಗೆ ಯಾವ ಇಂಜೆಕ್ಷನ್ ಅಂತ ನೋಡಿದ ತಕ್ಷಣ ಹೇಳುವ ನಾನು, ಒಂದು ತಗಡಿನ ವಿಷಯದಲ್ಲಿ ದಿನಕ್ಕೊಂದು ತೀರ್ಮಾನ ಮಾಡಿದೆ.

ಕೊನೆಗೆ ಒಂದು ಭಾನುವಾರ ಭದ್ರಾವತಿಯ ವೆಲ್ಡಿಂಗ್ ಶಾಪಿಗೆ ಅಪ್ಪನೇ ಕರೆದುಕೊಂಡು ಹೋದ. ಅಂಗಡಿಯವನು ಅಪ್ಪನ ಪರಿಚಯದವನು. ಅಲ್ಲಿ ಪ್ರಶ್ನೆಗಳು ಇನ್ನೂ ಹೆಚ್ಚಾದವು. ಕಬ್ಬಿಣವೋ ಅಲ್ಯೂಮಿನಿಯಮ್ಮೋ? ದಪ್ಪದ್ದೋ ತೆಳ್ಳಗಿನದ್ದೋ? ಇಂಜಿನ್ನಿಗೆ ಮಾತ್ರವೋ, ಹಿಂದಿನವರೆಗೋ? ಅವರಿಬ್ಬರೂ ಜೀಪಿನ ಕೆಳಗೆ ನುಸುಳಿ ವಾದ ಮಾಡುತ್ತಿದ್ದರು. ಹೊರಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿತ್ತು.

“ಇಂಜಿನ್ನಿಗೆ ಮಾತ್ರ ಹಾಕಿ” ಅಂತ ಆ ಕಾಲುಗಳಿಗೆ ಹೇಳಿದೆ. ಅರ್ಧ ಹಾಕಿಸಿದರೆ ಅಪ್ಪನ ಮಾತನ್ನೂ ಗಂಡನ ಮಾತನ್ನೂ ಕೇಳಿದ ಹಾಗಾಗುತ್ತದೆ ಅನ್ನಿಸಿತ್ತು. ಅದು ಬಿಟ್ಟರೆ ಬೇರೆ ಕಾರಣ ಇರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಮಣ್ಣುದಾರಿಯಲ್ಲಿ ಮತ್ತೆ ಸದ್ದಾಯಿತು. ಈ ಸಲ ಢಣ್ ಅಂತ. ಬಗ್ಗಿ ನೋಡಿದೆ. ತಗಡಿನ ಮೇಲೆ ಉದ್ದನೆಯ ಗೀರು, ಪಕ್ಕದಲ್ಲೊಂದು ತಗ್ಗು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು. “ನೋಡಿದ್ಯಾ? ತಗಡು ಇಲ್ದಿದ್ರೆ ಇವತ್ತು ಚೇಂಬರ್ ಹೋಗಿರೋದು!” ಅವನ ದನಿಯಲ್ಲಿನ ಖುಷಿ ಕೇಳಿ ನನಗೂ ಗೆದ್ದ ಹಾಗಾಯಿತು.

ಮರುವಾರ ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ಕಿಗೂ ಆ ಗೀರು ತೋರಿಸಿದೆ. ಅವನು ತಗಡು ಬಿಚ್ಚಿ ತಿರುಗಿಸಿ ನೋಡಿ, “ಇದು ಚೇಂಬರಿಗಿಂತ ಕೆಳಗೆ ಇಳಿದಿದೆ ಮೇಡಂ. ಅದಕ್ಕೇ ತಾಗಿದೆ. ಇದಿಲ್ದಿದ್ರೆ ಕಲ್ಲು ಹಂಗೇ ಅಡಿಯಲ್ಲಿ ಹೋಗಿಬಿಡ್ತಿತ್ತು” ಅಂದ.

ಅಪ್ಪ ಹೇಳಿದ್ದು ಸರಿ ಅನ್ನಿಸಿತ್ತು. ಇದೂ ಸರಿ ಅನ್ನಿಸಿತು. ಆಯಿಲ್ ಬದಲಾಯಿಸಿ ಮುಗಿಸಿದ ಮೇಲೆ ಅವನು ತಗಡು ಹಿಡಿದುಕೊಂಡೇ ಕೇಳಿದ, “ಮತ್ತೆ ಹಾಕ್ಲಾ, ಬೇಡ್ವಾ?”

“ಹಾಕಿ” ಅಂದೆ.

ಯಾಕೆ ಅಂತ ಅವನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ.