ಬಸ್ರಾಕ್ಕೆ ಹೋಗಬೇಕಿದ್ದ ಪುಸ್ತಕ

ಏಪ್ರಿಲ್ ತಿಂಗಳ ಮೊದಲ ಗುರುವಾರ, ಉಡುಪಿಯಿಂದ ಆಗುಂಬೆ ಮಾರ್ಗವಾಗಿ ಶಿವಮೊಗ್ಗಕ್ಕೆ ಹೊರಟ ಮಧ್ಯಾಹ್ನದ ಬಸ್ಸು ಮಣಿಪಾಲದಲ್ಲಿ ಸಿರಿಲ್ ಮಾಸ್ಟ್ರನ್ನು ಹತ್ತಿಸಿಕೊಂಡಿತು. ಅವರ ಕೈಯಲ್ಲಿರಬೇಕಾಗಿದ್ದ ಪುಸ್ತಕ ಆ ಹೊತ್ತಿಗೆ ಕುಂದಾಪುರದ ಕಡೆಯಿಂದ ಬರುವ ಇನ್ನೊಂದು ಬಸ್ಸಿನಲ್ಲಿತ್ತು. ಅದಕ್ಕಾಗಿ ಉಡುಪಿ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಂತವನು ನಾನು.

ಸಿರಿಲ್ ಮಾಸ್ಟ್ರು ನನ್ನ ಹಳೆಯ ಸ್ನೇಹಿತರು. ಕಲ್ಯಾಣಪುರದ ಮನೆತನ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ, ಈಗ ಮಣಿಪಾಲದಲ್ಲಿ ವಾಸ. ಭಾನುವಾರ ಇಗರ್ಜಿಯ ಪೂಜೆ ಮುಗಿದದ್ದೇ ಬೈನಾಕ್ಯುಲರ್ ನೇತುಹಾಕಿಕೊಂಡು ಕಾಪುವಿನ ಬಸ್ಸು ಹತ್ತುತ್ತಾರೆ. ಅಲ್ಲಿ ದೀಪಸ್ತಂಭದ ಕೆಳಗಿನ ಬಂಡೆಗಳ ಮೇಲೆ ಚಳಿಗಾಲವಿಡೀ ಸಣ್ಣ ಗೊರವ ಹಕ್ಕಿಗಳ ಒಂದು ಗುಂಪು ಕೂರುತ್ತದೆ. ಬರೀ ಬೂದು ಬಣ್ಣ. ಯಾರೂ ಎರಡನೇ ಸಲ ತಿರುಗಿ ನೋಡುವಂಥವಲ್ಲ. (ನಾನು ನೋಡಿದ್ದು ಮಾಸ್ಟ್ರ ಒತ್ತಾಯಕ್ಕೆ.) ಬೇಸಿಗೆ ಬಲಿಯುತ್ತಿದ್ದಂತೆ ಅವು ಹೊರಟುಹೋಗುತ್ತವೆ.

ಎಲ್ಲಿಗೆ? ಮಾಸ್ಟ್ರಿಗೆ ಇದ್ದದ್ದು ಇದೊಂದೇ ಪ್ರಶ್ನೆ.

ಅವರ ತಂಗಿಯ ಗಂಡನಿಗೆ ಇರಾಕಿನ ಬಸ್ರಾ ಬಂದರಿನಲ್ಲಿ ಕೆಲಸ. ಈ ವರ್ಷಕ್ಕೆ ಆ ಕೆಲಸ ಮುಗಿಯುತ್ತದೆ, ಸಂಸಾರ ಊರಿಗೆ ಮರಳುತ್ತದೆ. ಹೋಗುವುದಿದ್ದರೆ ಈಗಲೇ. ಆ ಭಾವನೇ ಮುಂಬಯಿಯಿಂದ ಹಡಗಿನ ಟಿಕೆಟು ಮಾಡಿಸಿದರು. ಮಾಸ್ಟ್ರ ಲೆಕ್ಕದಲ್ಲಿ ಕಾಪುವಿನ ಹಕ್ಕಿಗಳು ಉತ್ತರಕ್ಕೆ ಹೋಗುವ ದಾರಿಯಲ್ಲಿ ಬಸ್ರಾದ ಜೌಗಿನಲ್ಲಿ ಇಳಿಯಲೇಬೇಕು.

"ಆದರೆ ನನಗೆ ಗುರುತು ಸಿಗಬೇಕಲ್ಲ," ಎಂದರು ಮಾಸ್ಟ್ರು. "ಇಲ್ಲಿ ಬೂದು ಅಂಗಿ. ಅಲ್ಲಿ ಮುಟ್ಟುವಾಗ ಎದೆ ಕೆಂಪು ಮಾಡಿಕೊಂಡಿರ್ತವೆ. ನಮ್ಮ ಪುಸ್ತಕದಲ್ಲಿ ಇರುವುದು ಬೂದು ಚಿತ್ರ ಮಾತ್ರ. ಎದುರು ಬಂದು ಕೂತರೂ ಯಾರೋ ಅಂತ ಬಿಟ್ಟುಬಿಡ್ತೇನೆ, ಅಲ್ವಾ?"

ಹಾಗಾಗಿ ಪುಸ್ತಕದ ಆಯ್ಕೆ. ಕಾರ್ಕಳದಲ್ಲಿ ವಿಲಾಯತಿಗೆ ಹೋಗಿ ಬಂದ ಡಾಕ್ಟರೊಬ್ಬರು ಯುರೋಪಿನ ಹಕ್ಕಿಗಳ ಪುಸ್ತಕವನ್ನು ಎರವಲು ಕೊಟ್ಟರು. ಪುಟಪುಟಕ್ಕೂ ಬಣ್ಣದ ಚಿತ್ರ. ಮಂಗಳೂರಿನ ಪುಸ್ತಕದಂಗಡಿಯವರು ಇನ್ನೊಂದನ್ನು ತರಿಸಿಕೊಡಲು ಒಪ್ಪಿದರು. ಅದು ಇರಾಕ್ ಪ್ರಾಂತ್ಯಕ್ಕೆಂದೇ ಬರೆದದ್ದು. ಚಿತ್ರ ಕಡಿಮೆ, ಆದರೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಯಾವ ವೇಷದಲ್ಲಿ ಅಲ್ಲಿ ಹಾದುಹೋಗುತ್ತದೆ ಎಂಬ ವಿವರ ಉಂಟಂತೆ.

ಎರಡನ್ನೂ ಒಯ್ಯಬಹುದಿತ್ತಲ್ಲ? ಮಾಸ್ಟ್ರ ಹೆಂಡತಿ ಸೆವ್ರಿನ್ ಬಾಯಿ ಟ್ರಂಕಿನ ಮುಚ್ಚಳ ಹಿಡಿದು ನಿಂತಿದ್ದರು. "ನಾದಿನಿಗೆ ಉಪ್ಪಿನಕಾಯಿ ಹೋಗಬೇಕು, ಹಪ್ಪಳ ಹೋಗಬೇಕು. ಹಕ್ಕಿಗೆ ಒಂದು ಪುಸ್ತಕ ಸಾಕು. ಅವುಗಳಿಗೆಂತ ಓದಲಿಕ್ಕೆ ಉಂಟಾ?"

ಮಾಸ್ಟ್ರು ನನ್ನ ಮುಖ ನೋಡಿದರು. ನಾನು ಪತ್ರಿಕೆಯವನು. ದೂರದ ಊರಿನಲ್ಲಿ ಕೂತವನು ಚೆಂದವಾಗಿ ಬರೆದ ವರದಿಗಿಂತ ಸ್ಥಳದಲ್ಲಿದ್ದವನ ಒಣ ವರದಿಯನ್ನೇ ನಂಬುವುದು ನಮ್ಮ ಕಸುಬು. ಇರಾಕಿನದ್ದೇ ತೆಗೆದುಕೊಳ್ಳಿ ಎಂದೆ. ಡಾಕ್ಟರ ಪುಸ್ತಕ ಕಾರ್ಕಳಕ್ಕೆ ವಾಪಸಾಯಿತು. ಬಸ್ ಪಾರ್ಸೆಲಿನಲ್ಲಿ ಬರುವ ಹೊಸ ಪುಸ್ತಕವನ್ನು ಉಡುಪಿಯಲ್ಲಿ ಬಿಡಿಸಿಕೊಂಡು ಮಣಿಪಾಲಕ್ಕೆ ತಲುಪಿಸುವ ಜವಾಬ್ದಾರಿ ನನ್ನದಾಯಿತು.

ಪುಸ್ತಕ ಬುಧವಾರವೂ ಬರಲಿಲ್ಲ. ಗುರುವಾರ ಬೆಳಿಗ್ಗೆ ಮಂಗಳೂರಿಗೆ ಟ್ರಂಕ್ ಕಾಲ್ ಮಾಡಿದೆ. ಸೋಮವಾರವೇ ಕಳುಹಿಸಿಯಾಗಿದೆ ಎಂದರು. ಬಸ್ ಸ್ಟ್ಯಾಂಡಿಗೆ ಓಡಿದೆ.

"ಹೌದು, ಬಂದಿತ್ತು," ಎಂದ ಪಾರ್ಸೆಲ್ ಗುಮಾಸ್ತ. "ಮುಂದೆ ಕಳಿಸಿದೆ."

"ಎಲ್ಲಿಗೆ?"

"ಬಸ್ರೂರಿಗೆ."

ಅಂಗಡಿಯವರು ಕಟ್ಟಿನ ಮೇಲೆ 'ಸಿರಿಲ್ ಮಾಸ್ಟ್ರು, ಬಸ್ರಾ' ಎಂದು ಬರೆದಿದ್ದರಂತೆ. ಯಾರ ಪುಸ್ತಕವೆಂದು ತಮಗೆ ನೆನಪಿರಲಿ ಎಂದು ಹಾಕಿಕೊಂಡ ಗುರುತು.

"ಬಸ್ರಾ ಅಂತ ಊರು ಎಲ್ಲಿ ಉಂಟು ಮಾರಾಯ್ರೆ?" ಎಂದ ಗುಮಾಸ್ತ. "ಬರೆದವನಿಗೆ ಅಕ್ಷರ ಸರಿ ಬರುವುದಿಲ್ಲ ಅಂತ ನಾನೇ ಪೆನ್ಸಿಲಿನಲ್ಲಿ ಬಸ್ರೂರು ಅಂತ ತಿದ್ದಿ ಕುಂದಾಪುರದ ಬಸ್ಸಿಗೆ ಹಾಕಿದೆ. ಪೇಪರಿನವರು ನೀವು, ತಪ್ಪಿದ್ದರೆ ತಿದ್ದುವುದಿಲ್ವಾ?"

ತಿದ್ದುತ್ತೇವೆ.

ಕುಂದಾಪುರದ ಬಸ್ ಆಫೀಸಿಗೆ ಫೋನು. ಅಲ್ಲಿಂದ ಬಸ್ರೂರಿಗೆ ಆಳು. ಕಟ್ಟು ಅಂಗಡಿಯೊಂದರಲ್ಲಿ ವಾರಸುದಾರರಿಲ್ಲದೆ ಕೂತಿತ್ತು. ಮುಂದಿನ ಬಸ್ಸಿಗೆ ಹಾಕಿದ್ದೇವೆ ಎಂಬ ಸುದ್ದಿ ಬಂದಾಗ ಹನ್ನೆರಡು ದಾಟಿತ್ತು. ಶಿವಮೊಗ್ಗದ ಬಸ್ಸು ನನ್ನ ಕಣ್ಣೆದುರೇ ಹೊರಟಿತು. ಅದನ್ನು ಹತ್ತಿ ಬರಿಗೈಯಲ್ಲಿ ಮಣಿಪಾಲಕ್ಕೆ ಹೋಗಿ ಮಾಡುವುದೇನು? ನಿಂತೆ. ಕುಂದಾಪುರದ ಬಸ್ಸು ಬಂದಾಗ ಮಾಸ್ಟ್ರು ಪೆರ್ಡೂರು ದಾಟಿರಬೇಕು.

ಒಂದು ದಾರಿ ಉಳಿದಿತ್ತು. ಮುಂಬಯಿಗೆ ಹೋಗಲು ಮಾಸ್ಟ್ರು ಶಿವಮೊಗ್ಗ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾರೆ. ಅತ್ತ ಹೋಗುವ ಮುಂದಿನ ಬಸ್ಸಿನ ಕಂಡಕ್ಟರ್ ನನಗೆ ಪರಿಚಿತ. ಅವನ ಕೈಗೆ ಕಟ್ಟು ಕೊಟ್ಟೆ.

"ಜನ ಹೇಗೆ ಗುರುತು ಹಿಡಿಯುವುದು ಸಾರ್?"

ವರದಿಗಾರನಿಗೆ ಇದೇನು ಕಷ್ಟ? ಬಿಳಿ ಮುಂಡು, ಬಿಳಿ ಅರ್ಧತೋಳಿನ ಶರ್ಟು, ಕಂಕುಳಲ್ಲಿ ಕೊಡೆ, ಕಾಲಿಗೆ ಚಪ್ಪಲಿ. ಹದಿನೈದು ವರ್ಷದಿಂದ ನಾನು ನೋಡಿದ ಮಾಸ್ಟ್ರು ಅದೇ. ಕಂಡಕ್ಟರ್ ಎರಡು ಸಲ ಬಾಯಿಪಾಠ ಹೇಳಿ ಹೋದ.

ಶುಕ್ರವಾರ ಸಂಜೆ ಅವನು ಆಫೀಸಿಗೇ ಬಂದ. ಕಟ್ಟು ಮೇಜಿನ ಮೇಲಿಟ್ಟ.

"ಸ್ಟೇಷನ್ ಇಡೀ ಹುಡುಕಿದೆ ಸಾರ್. ರೈಲು ನಿಂತೇ ಇತ್ತು. ಮುಂಡು ಉಟ್ಟವರು ಒಬ್ಬರೂ ಇಲ್ಲ."

"ಹೆಸರು ಕೂಗಬಹುದಿತ್ತಲ್ಲ?"

"ಇಂಜಿನ್ ಗಲಾಟೆಯಲ್ಲಿ ಯಾರಿಗೆ ಕೇಳ್ತದೆ? ಒಂದು ಕಿಟಕಿಯಲ್ಲಿ ಕೋಟು, ಟೈ ಹಾಕಿದವರೊಬ್ಬರು ಕೂತಿದ್ದರು. ಹೊರಗೆ ತಂತಿ ಮೇಲೆ ಹಕ್ಕಿಯೋ ಎಂತದ್ದೋ, ಅದನ್ನೇ ನೋಡ್ತಾ ಇದ್ದರು. ಯಾರೋ ದೊಡ್ಡ ಆಫೀಸರ್ ಇರಬೇಕು. ಅವರ ಹತ್ತಿರ ಕೇಳಲಿಕ್ಕೆ ಧೈರ್ಯ ಬರಲಿಲ್ಲ."

ಶನಿವಾರ ಬೆಳಿಗ್ಗೆ ಮಣಿಪಾಲಕ್ಕೆ ಹೋದೆ. ಸೆವ್ರಿನ್ ಬಾಯಿ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು.

"ಮುಂಡಾ?" ಎಂದರು. "ಹಡಗಿನಲ್ಲಿ ಹೋಗುವವರು ಮುಂಡು ಉಡ್ತಾರಾ? ಹೊಸ ಕೋಟು, ಪ್ಯಾಂಟು ಹೊಲಿಸಿದ್ದು. ಟೈ ಕಟ್ಟಿದ್ದು ನಾನೇ."

ಹಡಗು ಈ ಬುಧವಾರ ಮುಂಬಯಿ ಬಿಟ್ಟಿದೆ. ಪುಸ್ತಕ ನನ್ನ ಮೇಜಿನ ಮೇಲಿದೆ. ನಿನ್ನೆ ಕಾಪುವಿಗೆ ಹೋಗಿದ್ದೆ. ಬಂಡೆಗಳ ಮೇಲೆ ಒಂದು ಹಕ್ಕಿಯೂ ಇರಲಿಲ್ಲ.