ಎಲ್ಲವನ್ನೂ ಎತ್ತಿಟ್ಟ ರಂಗನಾಥ್ ಅಂಕಲ್

ರಂಗನಾಥ್ ಅಂಕಲ್ ಯಾರ ಮನೆಗೆ ಊಟಕ್ಕೆ ಬಂದರೂ ಕೈಯಲ್ಲೊಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಆಕ್ಲೆಂಡಿಗೆ ಹೊಸದಾಗಿ ಬಂದವರು ಕೋಸಂಬರಿಯೋ ಪುಳಿಯೋಗರೆಯೋ ಇರಬೇಕೆಂದು ಇಸಿದುಕೊಳ್ಳಲು ಕೈಚಾಚುತ್ತಿದ್ದರು. ಅಂಕಲ್ ಕೊಡುತ್ತಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ಹಳೇ ಪಂಚೆಯ ತುಂಡು, ಅದರೊಳಗೆ ಬಾಣಂತಿಯ ಕೂಸಿನಂತೆ ಸುತ್ತಿಟ್ಟ ಒಂದು ಹಾರ್ಡ್ ಡಿಸ್ಕ್. "ಕಂಪ್ಯೂಟರ್ ಎಲ್ಲಿದೆಯಮ್ಮ?" ಎನ್ನುವುದು ಅವರ ಮೊದಲ ಮಾತು. "ಹೇಗಿದ್ದೀರಿ?" ಎನ್ನುವುದು ಆಮೇಲೆ, ನೆನಪಾದರೆ.

ಮೈಸೂರಿನವರು. ಎಂಜಿನಿಯರ್ ಆಗಿ ದುಡಿದು ನಿವೃತ್ತರಾಗಿ ಇಲ್ಲಿನ ಹಿಲ್ಸ್‌ಬರೋ ಬಡಾವಣೆಯಲ್ಲಿ ಮನೆ ಮಾಡಿಕೊಂಡಿದ್ದರು. ನಮ್ಮ ಕನ್ನಡ ಕೂಟದ ಅರ್ಧದಷ್ಟು ಮನೆಗಳ ಕಂಪ್ಯೂಟರುಗಳ ಯೋಗಕ್ಷೇಮ ಅವರದೇ. ಬಂದವರೇ ಡಿಸ್ಕನ್ನು ಜೋಡಿಸಿ, ಇಡೀ ಕಂಪ್ಯೂಟರಿನ ಪಡಿಯಚ್ಚು, ಅವರ ಮಾತಿನಲ್ಲಿ 'ಇಮೇಜ್', ತೆಗೆಯುವ ಸಾಫ್ಟ್‌ವೇರ್ ತೆರೆದು, ಗುಂಡಿ ಒತ್ತಿ, ಪರದೆ ಕಾಣುವ ಕಡೆಗೇ ಮುಖ ಮಾಡಿ ಊಟಕ್ಕೆ ಕೂರುತ್ತಿದ್ದರು. "ಎಲೆ ಹಾಕೋವಾಗ ಶುರು ಮಾಡಿದ್ರೆ ಮೊಸರನ್ನಕ್ಕೆ ಮುಗಿಯತ್ತೆ" ಎಂಬುದು ಅವರ ಲೆಕ್ಕ. ಮುಗಿಯುವವರೆಗೆ ಆ ಕೋಣೆಗೆ ಮಕ್ಕಳು ಹೋಗುವಂತಿಲ್ಲ, ದೊಡ್ಡವರೂ ಮೌಸ್ ಮುಟ್ಟುವಂತಿಲ್ಲ. ನಮ್ಮ ಮನೆಯ ಎಷ್ಟೋ ಹಬ್ಬದೂಟಗಳು ಈ ಮಡಿಯಲ್ಲೇ ನಡೆದಿವೆ.

"ಬರೀ ಫೋಟೋಗಳನ್ನ ಕಾಪಿ ಮಾಡಿದ್ರ ಸಾಕಲ್ರಿ ಅಂಕಲ್?" ಎಂದು ನಾನೊಮ್ಮೆ ಕೇಳಿದ್ದೆ. ನಾನು ಧಾರವಾಡದವಳು, ಇಲ್ಲಿಗೆ ಓದಲು ಬಂದು ಫಾರ್ಮಸಿಯಲ್ಲಿ ಕೆಲಸ ಹಿಡಿದವಳು. ಕಂಪ್ಯೂಟರಿನ ಒಳಗುಟ್ಟು ನನಗೇನು ಗೊತ್ತು? ಅಂಕಲ್ ತುತ್ತನ್ನು ಎಲೆಗೆ ವಾಪಸ್ ಇಟ್ಟರು.

"ಇದು ಬೇಕು, ಅದು ಬೇಡ ಅಂತ ಆರಿಸ್ಕೊಂಡು ಕೂತ್ರೆ ಬೇಕಾಗಿದ್ದೇ ಬಿಟ್ಟುಹೋಗತ್ತಮ್ಮ. ಇಮೇಜ್ ಅಂದ್ರೆ ಮನೇನೇ ಇಡಿಯಾಗಿ ಎತ್ತಿಡೋದು, ಒಲೆ ಮೇಲಿನ ಹಾಲಿನ ಸಮೇತ. ನಾಳೆ ನಿಮ್ಮ ಕಂಪ್ಯೂಟರ್ ಸತ್ತರೆ ಹೊಸ ಡಿಸ್ಕ್ ಮೇಲೆ ಇದನ್ನ ಇಳಿಸ್ತೀನಿ. ಹಾಲು ಉಕ್ಕೋ ಹೊತ್ತಿಗೆ ಬಂದು ಇಳಿಸ್ಕೋಬಹುದು ನೀವು."

ಮಾತು ಸುಳ್ಳಾಗಲಿಲ್ಲ. ನನ್ನ ಲ್ಯಾಪ್‌ಟಾಪು ಒಂದು ದಿನ ಕಣ್ಣು ಬಿಡಲೇ ಇಲ್ಲ. ಅಂಕಲ್ ಡಬ್ಬಿ ಹಿಡಿದು ಬಂದರು. ಹೊಸ ಡಿಸ್ಕ್ ಹಾಕಿ ಇಮೇಜ್ ಇಳಿಸಿದರು. ನೋಡಿದರೆ ಗೋಡೆಚಿತ್ರದಿಂದ ಹಿಡಿದು, ಕೂಟದ ಮಕ್ಕಳಿಗೆಂದು ನಾನು ಬರೆದು ಅರ್ಧಕ್ಕೆ ಬಿಟ್ಟಿದ್ದ ಕನ್ನಡ ಪಾಠದವರೆಗೆ, ಕಾಗುಣಿತದ ತಪ್ಪುಗಳೊಂದಿಗೆ ಎಲ್ಲವೂ ಇದ್ದಲ್ಲೇ ಇತ್ತು. ನನಗೆ ಕಣ್ಣೀರೇ ಬಂತು. ಅಂಕಲ್ ಒಂದು ಲೋಟ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ. ಆದರೆ ಮುಂದಿನ ಕೂಟದಲ್ಲಿ ಎಲ್ಲರೆದುರು ನನ್ನನ್ನು ಕರೆದು, "ಇವರನ್ನೇ ಕೇಳಿ, ಹೇಳಮ್ಮ, ಏನೇನು ವಾಪಸ್ ಬಂತು ಹೇಳು" ಎಂದು ನಿಲ್ಲಿಸಿದರು. ನಾನು ಹೇಳುತ್ತಿದ್ದರೆ ಅವರು ಕಣ್ಣು ಅರೆಮುಚ್ಚಿ ಸಂಗೀತ ಕೇಳುವವರಂತೆ ಕೇಳಿದರು. ಅವರಿಗೆ ಬೇಕಾಗಿದ್ದ ಸಂಭಾವನೆ ಅದೊಂದೇ. ನಾವು ಅದನ್ನು ಧಾರಾಳವಾಗಿಯೇ ಕೊಡುತ್ತಿದ್ದೆವು, ಹಿಂದಿನಿಂದ 'ಡಬ್ಬಿ ಅಂಕಲ್' ಎಂದು ನಗುತ್ತಲೂ ಇದ್ದೆವು.

ಕೂಟದ ಕಂಪ್ಯೂಟರ್ ಇರುತ್ತಿದ್ದುದು ಅವರ ಮನೆಯಲ್ಲೇ. ಒನೆಹುಂಗಾ ಬಡಾವಣೆಯ ಬಾಡಿಗೆ ಹಾಲ್‌ನಲ್ಲಿ ಭಾನುವಾರ ನಾನು ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ನಾಟಕ, ಹಾಡು, ಜಗಳ ಎಲ್ಲವನ್ನೂ ಅಂಕಲ್ ಕೂಟದ ಕ್ಯಾಮೆರಾದಲ್ಲಿ ಹಿಡಿದು ಮನೆಗೊಯ್ದು ಆ ಕಂಪ್ಯೂಟರಿಗೆ ತುಂಬುತ್ತಿದ್ದರು. ನಮಗೊಂದು ಕಾಪಿ ಕೊಡಿ ಎಂದರೆ, "ಚಿಲ್ಲರೆ ಕಾಪಿಗಳು ಬೇಡಮ್ಮ, ಕಳ್ಕೊತೀರ. ನನ್ನ ಹತ್ರ ಇದೆಯಲ್ಲ" ಎನ್ನುತ್ತಿದ್ದರು. ಹೌದಲ್ಲ, ಅಂಕಲ್ ಹತ್ತಿರ ಇದೆಯಲ್ಲ ಎಂದು ನಾವೂ ನಿಶ್ಚಿಂತರಾಗಿದ್ದೆವು. ಇಷ್ಟು ಜನ ಕಂಪ್ಯೂಟರ್ ಓದಿದವರಿದ್ದ ಊರಿನಲ್ಲಿ ಒಬ್ಬರಾದರೂ ಇನ್ನೊಂದು ಕಾಪಿ ಇಟ್ಟುಕೊಳ್ಳಲಿಲ್ಲ ಎಂದರೆ ಈಗ ಯಾರೂ ನಂಬುವುದಿಲ್ಲ.

ಆ ಕಂಪ್ಯೂಟರಿನಲ್ಲಿ ನನ್ನ ಮಗ ಸಮರ್ಥ ಇದ್ದ. ಇಲ್ಲೇ ಹುಟ್ಟಿದವನು. ನಾನು ಬರೆದ ಸಂತೆಯ ನಾಟಕದಲ್ಲಿ ಬದನೆಕಾಯಿ ಮಾರುವವನ ಪಾತ್ರ ಮಾಡಿದ್ದ. ಆಗವನು ಒಂದನೇ ಇಯತ್ತೆಯ ಹುಡುಗ, ಬಾಯಿ ತೆರೆದರೆ ಥೇಟ್ ಧಾರವಾಡ. ಈಗ ಅವನು ಯೂನಿವರ್ಸಿಟಿಯಲ್ಲಿದ್ದಾನೆ, ಗೆಳೆಯರಿಗೆ ಸ್ಯಾಮ್. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. "ಸಣ್ಣಾಂವ ಇದ್ದಾಗ ಎಷ್ಟ ಚಂದ ಮಾತಾಡ್ತಿದ್ದೆಲೊ" ಎಂದರೆ, "ಐ ನೆವರ್ ಸ್ಪೋಕ್ ಇಟ್, ಮಮ್. ಐ ಜಸ್ಟ್ ಅಂಡರ್‌ಸ್ಟ್ಯಾಂಡ್" ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜವಾಗಿಯೂ ನೆನಪಿಲ್ಲ. ಅವನ ಬಾಯಲ್ಲಿ ಕನ್ನಡವಿತ್ತು ಎಂಬುದಕ್ಕೆ ಆ ನಾಟಕ ಬಿಟ್ಟರೆ ನನ್ನ ಬಳಿ ಸಾಕ್ಷಿಯಿಲ್ಲ.

ಕೆಟ್ಟದ್ದು ಶುರುವಾದದ್ದು ಕೂಟದ ವಾರ್ಷಿಕ ಸಭೆಯಲ್ಲಿ. ಹೆಂಡರ್ಸನ್ ಬಡಾವಣೆಯಲ್ಲಿದ್ದ ನವೀನ್ ಎಂಬ ಬೆಂಗಳೂರಿನ ಹುಡುಗ ಹೊಸ ಅಧ್ಯಕ್ಷನಾಗಿದ್ದ. ಚುರುಕಾದವನು, ನಾಲಿಗೆ ಅದಕ್ಕಿಂತ ಚುರುಕು. "ಅಂಕಲ್, ಈ ಡಿಸ್ಕು, ಡಬ್ಬಿ ಎಲ್ಲಾ ಓಲ್ಡ್ ಸ್ಕೂಲ್ ಆಯ್ತು. ಎಲ್ಲಾನೂ ಕ್ಲೌಡ್‌ಗೆ ಹಾಕ್ಬಿಡೋಣ. ನೀವು ರೆಸ್ಟ್ ಮಾಡಿ, ಡಬ್ಬೀಲಿ ಇನ್ಮೇಲೆ ಪುಳಿಯೋಗರೆ ತನ್ನಿ!" ಎಂದ. ಸಭೆಗೆ ಸಭೆಯೇ ಗೊಳ್ಳೆಂದಿತು. ನನಗೆ ನಗು ಬರಲಿಲ್ಲ. ಅಷ್ಟು ವರ್ಷ ದುಡಿದ ಮನುಷ್ಯನಿಗೆ ಒಂದು ಶಾಲು ಹೊದಿಸಿ ಎರಡು ಮಾತು ಆಡಬೇಕೆಂದು ಒಬ್ಬರಿಗೂ ತೋಚಲಿಲ್ಲ. ಅಂಕಲ್ ನಗುನಗುತ್ತಲೇ ಕೋಟು ಹಾಕಿಕೊಂಡು ಹೋದರು.

ಮುಂದಿನ ವಾರ ಕಂಪ್ಯೂಟರನ್ನು ಒರೆಸಿ, ಶುಭ್ರಮಾಡಿ, ಹಾಲ್‌ಗೆ ತಂದಿಟ್ಟರು. ನವೀನ್ ಗುಂಡಿ ಒತ್ತಿದರೆ, ಅಂಗಡಿಯಿಂದ ಆಗತಾನೇ ತಂದದ್ದರಂತೆ ಸ್ವಾಗತ ಹೇಳಿ ನಿಂತಿತು. ಒಂದು ಫೋಟೋ ಇಲ್ಲ, ಒಂದು ನಾಟಕವಿಲ್ಲ. ಕೊಂಡ ದಿನವೇ ತೆಗೆದಿಟ್ಟಿದ್ದ ಮೊಟ್ಟಮೊದಲ ಇಮೇಜನ್ನು ಅದರ ಮೇಲೆ ಇಳಿಸಿ ತಂದಿದ್ದರು ಅಂಕಲ್. "ಹೇಗೆ ಕೊಟ್ರೋ ಹಾಗೇ ವಾಪಸ್ ಕೊಟ್ಟಿದೀನಿ. ಮಿಕ್ಕಿದ್ದು ನನ್ನ ಡಿಸ್ಕ್‌ನಲ್ಲಿ ಭದ್ರವಾಗಿದೆ, ಪಾಸ್‌ವರ್ಡ್ ಹಾಕಿಟ್ಟಿದೀನಿ. ಯಾವ ಸಭೇಲಿ ನಕ್ಕಿದಾನೋ ಅದೇ ಸಭೇಲಿ ನಿಂತು ಕ್ಷಮೆ ಕೇಳಲಿ, ಕೊಡ್ತೀನಿ" ಎಂದರು.

"ಅದು ಕೂಟದ ಪ್ರಾಪರ್ಟಿ. ಜೋಕ್ ಮಾಡಿದ್ದಕ್ಕೆಲ್ಲ ಸಾರಿ ಕೇಳೋಕಾಗಲ್ಲ" ಎಂದ ನವೀನ್. ಅವನಿಗೆ ಮಕ್ಕಳಿಲ್ಲ, ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ನಾನು ಇಬ್ಬರ ಮನೆಗೂ ಹೋಗಿ ಹಲ್ಲುಗಿಂಜಿದ್ದೇ ಬಂತು. ಕೆಲವೇ ತಿಂಗಳಲ್ಲಿ ನವೀನನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅವನು ಊರನ್ನೇ ಬಿಟ್ಟ.

"ಅವನ ಬದ್ಲಿ ನಾ ಕ್ಷಮಾ ಕೇಳ್ತೀನ್ರಿ ಅಂಕಲ್, ಎಲ್ಲಾರ ಮುಂದ" ಎಂದು ಹೇಳಿ ನೋಡಿದೆ.

"ನೀವು ನಗಲಿಲ್ಲಮ್ಮ, ನಾನು ನೋಡಿದೀನಿ. ತಪ್ಪು ಮಾಡದೇ ಇರೋರ ಹತ್ರ ಕ್ಷಮೆ ಕೇಳಿಸ್ಕೊಳ್ಳೋ ಅಷ್ಟು ಕೆಟ್ಟೋನಲ್ಲ ನಾನು."

ನಗದೇ ಇದ್ದ ತಪ್ಪಿಗೆ ನನ್ನ ಮಗ ಒಳಗೇ ಉಳಿದ. ಅಂಕಲ್ ಅವರ ನೋವು ನನಗೆ ಅರ್ಥವಾಗದ್ದಲ್ಲ. ಆದರೂ ಅವರ ಮೇಲೆ ನನಗೆ ಸಿಟ್ಟಿದೆ, ಅದು ಕಡಿಮೆಯಾಗಿಲ್ಲ. ಈಗಲೂ ಪ್ರತಿ ಯುಗಾದಿಗೆ ಅವರಿಂದ ಬೇವುಬೆಲ್ಲದ ಚಿತ್ರ ಬರುತ್ತದೆ, ಕೆಳಗೆ "ಬ್ಯಾಕಪ್ ತೆಗೆದಿರಾ?" ಎಂಬ ಸಾಲು. ನಾನು ಅದನ್ನು ಅಳಿಸಿಬಿಡುತ್ತೇನೆ.

ಅಂಕಲ್ ಬ್ರಿಸ್ಬೇನಿನಲ್ಲಿರುವ ಮಗಳ ಹತ್ತಿರ ಹೋಗುತ್ತಾರೆ, ಮನೆ ಮಾರಿದ್ದಾರೆ ಎಂದು ತಿಳಿದಾಗ ಅವರಲ್ಲಿಗೆ ಕೊನೆಯ ಸಲ ಹೋದೆ. ಸಮರ್ಥನೇ ಕಾರಿನಲ್ಲಿ ಕರೆತಂದ, ಒಳಗೆ ಬರಲು ಒಪ್ಪಲಿಲ್ಲ. ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಆಂಟಿ ಕಾಫಿ ಕೊಟ್ಟು, "ಕೊಟ್ಬಿಡಿ ಅಂತ ನಾನೂ ಹೇಳಿ ಹೇಳಿ ಸಾಕಾಯ್ತಮ್ಮ" ಎಂದು ಪಿಸುಗುಟ್ಟಿ ಒಳಗೆ ಹೋದರು.

"ಎಲ್ಲಾ ಬ್ಯಾಡ್ರಿ ಅಂಕಲ್. ನನ್ನ ಮಗನ ನಾಟಕ ಒಂದ ಕೊಡ್ರಿ ಸಾಕು" ಎಂದೆ. "ಡಿಸ್ಕ್ ಕೆಟ್ಟೇ ಹೋಗಿರಬೇಕು ಅಂತನೂ ಮಂದಿ ಅನ್ಲಿಕ್ಕತ್ತಾರ."

ಆ ಮಾತು ಅವರಿಗೆ ನಾಟಿತು. ಡಬ್ಬಿ ತಂದರು, ಡಿಸ್ಕ್ ಜೋಡಿಸಿದರು, ಪರದೆಯನ್ನು ಓರೆಮಾಡಿಕೊಂಡು ಪಾಸ್‌ವರ್ಡ್ ಒತ್ತಿದರು. ಇಮೇಜು ಬೀರುವಿನಂತೆ ತೆರೆದುಕೊಂಡಿತು. ಹುಡುಕುವ ಕಷ್ಟವೇ ಇರಲಿಲ್ಲ, ವರ್ಷ ವರ್ಷದ್ದೂ ಓರಣವಾಗಿತ್ತು. ನಾಟಕ ಶುರುವಾಯಿತು.

ತಲೆಗೆ ಟವೆಲ್ ಸುತ್ತಿಕೊಂಡ ಸಮರ್ಥ. "ಬದ್ನಿಕಾಯಿ ತಗೋರಿ ಬದ್ನಿಕಾಯಿ! ನೋಡಿದ್ರ ರೊಕ್ಕಾ ಕೊಡಬ್ಯಾಡ್ರಿ, ಮುಟ್ಟಿದ್ರ ಕೊಡಬೇಕ ನೋಡ್ರಿ ಮತ್ತ!" ಈ ಮಾತನ್ನು ನಾನು ಬರೆದಿರಲಿಲ್ಲ, ಅವನೇ ಕಟ್ಟಿದ್ದು. ಜನ ನಕ್ಕರು. ಅವನು ಸಂತೆ ಬಿಟ್ಟು ಕ್ಯಾಮೆರಾದ ಕಡೆ ಓಡಿಬಂದು, ಅಂದು ಅದರ ಪಕ್ಕದಲ್ಲೇ ನಿಂತಿದ್ದ ನನ್ನನ್ನು ನೋಡಿ, "ಅವ್ವಾ, ಛಲೋ ಮಾಡಿದ್ನೇನ?" ಎಂದು ಕೇಳಿದ.

ನಾನು ಫೋನು ಎತ್ತಿದೆ, ಅಷ್ಟನ್ನಾದರೂ ಹಿಡಿದುಕೊಳ್ಳೋಣವೆಂದು. ಅಂಕಲ್ ಲ್ಯಾಪ್‌ಟಾಪ್ ಮುಚ್ಚಿದರು.

"ಅದೆಲ್ಲ ಬೇಡಮ್ಮ. ನೋಡಿದ್ರಲ್ಲ? ಒಂದು ಚುಕ್ಕೆ ಕೂಡ ಕೆಟ್ಟಿಲ್ಲ. ಕೆಟ್ಟಿದೆ ಅಂದೋರಿಗೆ ಹೋಗಿ ಹೇಳಿ."

"ಮಗಾ ಹೊರಗ ಕಾರಿನ್ಯಾಗ ಇದ್ದಾನ್ರಿ. ಕರ್ಕೊಂಡ ಬರ್ತೀನಿ, ಅವಗ ಒಂದ ಸಲ ತೋರಸ್ರಿ. ನಿಮ್ಮ ಕಾಲ ಹಿಡಿತೀನಿ."

ಅಂಕಲ್ ಆಗಲೇ ವೈರು ಸುತ್ತುತ್ತಿದ್ದರು. ಅವರ ಮುಖದಲ್ಲಿ ಹಟ ಕಾಣಲಿಲ್ಲ, ಗೆದ್ದ ಕಳೆಯಿತ್ತು. "ಕ್ಲೌಡ್ ಅಂತೆ ಕ್ಲೌಡ್" ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಬಾಗಿಲವರೆಗೂ ಬಂದು, ಬ್ರಿಸ್ಬೇನಿಗೆ ಬಂದಾಗ ಮನೆಗೆ ಬರಲೇಬೇಕೆಂದು ಪ್ರೀತಿಯಿಂದಲೇ ಕರೆದರು.

ಕಾರಿನಲ್ಲಿ ಕೂತೆ. "ಗಾಟ್ ಇಟ್?" ಎಂದ ಸಮರ್ಥ.

"ಕೊಡ್ಲಿಲ್ಲ. ಖರೇ, ನೋಡಿ ಬಂದೆ. ನೀ ಕನ್ನಡ ಮಾತಾಡಿದ್ಯೋ ಸಮರ್ಥ, ನನಗಿಂತ ಛಲೋ ಮಾತಾಡಿದ್ದಿ. ನನ್ನ ಕಣ್ಣಾರೆ ನೋಡಿದೆ."

ಅವನು ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದ, ನನ್ನ ಕೈಯನ್ನೊಮ್ಮೆ ತಟ್ಟಿದ. "ಶೂರ್, ಮಮ್. ನೋ ವರೀಸ್" ಎಂದು ಕಾರು ಹೊರಡಿಸಿದ.